ಪಚಡಿ ಸುತ್ತುವ ಬಗೆ: ಹಸಿ ಸ್ಪ್ರಿಂಗ್ ರೋಲ್ ಮನೆಯಲ್ಲೇ

“ಅಲ್ಲವಾ, ಹಪ್ಪಳಾ ನೀರಾಗ ಯಾಕ ಹಾಕೀದಿ?”

ಮೊದಲ ಸಲ ರೈಸ್ ಪೇಪರ್ ನೆನೆಸಿದಾಗ ಅತ್ತೆ ಕೇಳಿದ ಮಾತು ಇದು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಪ್ಯಾಕೆಟ್ ಒಡೆದರೆ ಒಳಗಿರುವುದು ಥೇಟ್ ಅಕ್ಕಿ ಹಪ್ಪಳ. ಬೆಳ್ಳಗೆ, ದುಂಡಗೆ, ತೆಳ್ಳಗೆ. ಕೈ ಜಾರಿದರೆ ಟಪ್ ಅಂತ ಎರಡು ತುಂಡು. ಅಂಥದ್ದನ್ನು ನಾನು ಬಿಸಿನೀರಿನ ಪರಾತದಲ್ಲಿ ಪೂರ್ತಿ ಒಂದು ನಿಮಿಷ ಮುಳುಗಿಸಿಟ್ಟಿದ್ದೆ. ಎತ್ತಲು ಹೋದರೆ ಐದೂ ಬೆರಳಿಗೆ ಮೆತ್ತಿಕೊಂಡಿತು. ಬಿಡಿಸಲು ಇನ್ನೊಂದು ಕೈ ಹಾಕಿದೆ, ಅದಕ್ಕೂ ಮೆತ್ತಿತು. ಅತ್ತೆ ನಗು ತಡೆದುಕೊಂಡು ಆಚೆ ಹೋದರು.

ಆ ದಿನ ಇದೆಲ್ಲ ಶುರುವಾದದ್ದು ತಂಗಿಯ ಮಗಳಿಂದ. ಬೆಂಗಳೂರಿನಿಂದ ಧಾರವಾಡಕ್ಕೆ ರಜೆಗೆ ಬಂದವಳು, “ದೊಡ್ಡವ್ವ, ನಾ ಈಗ ವೀಗನ್” ಅಂದಳು. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದೂ ಬೇಡ. ಪೇಢೆಯ ಊರಲ್ಲಿ ಪೇಢೆ ಬೇಡ ಅನ್ನುವವರಿಗೆ ಏನು ಕೊಡಬೇಕು ಹೇಳಿ. ಕಡೆಗೆ ಅವಳೇ ಈ ಹಸಿ ಸ್ಪ್ರಿಂಗ್ ರೋಲ್ ಹೆಸರು ಹೇಳಿದಳು. ಈಗ ಅವಳು ಬರಲಿ ಬಿಡಲಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಇದು ಆಗುತ್ತದೆ. ಒಲೆ ಮುಂದೆ ನಿಲ್ಲುವ ಕೆಲಸ ಕಡಿಮೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಮುಂದೆ ಹೇಳುತ್ತೇನೆ.

ಸ್ಪ್ರಿಂಗ್ ರೋಲ್ ಅಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಗೋಬಿ ಮಂಚೂರಿ ಗಾಡಿಯಲ್ಲಿ ಎಣ್ಣೆಯಲ್ಲಿ ಕರಿದು, ಸಾಸ್ ಹಾಕಿ ಕೊಡುವ ರೋಲ್. ಅದು ಚೀನಾ ಕಡೆಯ ತಿಂಡಿ. ಅಲ್ಲಿ ವಸಂತದ ಹಬ್ಬಕ್ಕೆ ಮಾಡುತ್ತಿದ್ದರಿಂದ ಆ ಹೆಸರು ಬಂತು. ನಾನು ಹೇಳುತ್ತಿರುವುದು ವಿಯೆಟ್ನಾಮಿನದ್ದು. ಕರಿಯುವ ಹಾಗಿಲ್ಲ, ಬೇಯಿಸುವ ಹಾಗಿಲ್ಲ. ನೆನೆಸಿದ ಅಕ್ಕಿ ಹಾಳೆಯಲ್ಲಿ ಹಸಿ ತರಕಾರಿ, ಸೊಪ್ಪು, ಶ್ಯಾವಿಗೆ ಇಟ್ಟು ಸುತ್ತಿ, ಶೇಂಗಾ ಚಟ್ನಿಯಲ್ಲಿ ಅದ್ದಿ ತಿನ್ನುವುದು. ಅವರ ಭಾಷೆಯಲ್ಲಿ ಇದರ ಹೆಸರು ‘ಗೋಯ್ ಕುಓನ್’. ಗೋಯ್ ಅಂದರೆ ಹಸಿ ತರಕಾರಿ ಕಲಸಿ ಮಾಡುವ ಪಚಡಿ, ಕುಓನ್ ಅಂದರೆ ಸುತ್ತುವುದು. ಸುತ್ತಿದ ಪಚಡಿ! ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು, ಗಜ್ಜರಿ, ಸವತೆಕಾಯಿ, ಮೂಲಂಗಿ, ಮೇಲೊಂದಿಷ್ಟು ಶೇಂಗಾ ಹಿಂಡಿ ಇಟ್ಟುಕೊಂಡು ತಿನ್ನುವ ನಮಗೆ ಇದರಲ್ಲಿ ಹೊಸದು ಅಂತ ಇರುವುದು ಆ ಹಾಳೆ ಒಂದೇ. ಹಾಗಾಗಿ ಈ ಲೇಖನದಲ್ಲೂ ಹಾಳೆಯದ್ದೇ ಮಾತು ಜಾಸ್ತಿ.

ಮೂಲದಲ್ಲಿ ಇದಕ್ಕೆ ಸಿಗಡಿ, ಹಂದಿ ಮಾಂಸ ಹಾಕುತ್ತಾರೆ. ಅದ್ದುವ ಸಾರಿನಲ್ಲಿ ಮೀನಿನ ಸಾಸ್ ಇರುವುದೂ ಉಂಟು. ಆದರೆ ವಿಯೆಟ್ನಾಮಿನಲ್ಲಿ ಸಸ್ಯಾಹಾರದ ಅಡುಗೆ ಹೊಸದಲ್ಲ. ಅಲ್ಲಿನ ಬೌದ್ಧರಲ್ಲಿ ಬಹಳ ಜನ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಮಾಂಸ ಬಿಡುತ್ತಾರೆ. ಆ ದಿನಗಳಿಗೆ ಅಂತಲೇ ಇದನ್ನು ತೋಫು, ಅಂದರೆ ಸೋಯಾ ಹಾಲಿನ ಪನೀರ್, ಹಾಕಿ ಮಾಡುವ ಪದ್ಧತಿ ಇದೆ. ನಾವು ಮಾಡುವುದು ಅದನ್ನೇ.

ಹಾಳೆ ಕೊಳ್ಳುವಾಗ

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ “ಸ್ಪ್ರಿಂಗ್ ರೋಲ್ ಶೀಟ್ ಕೊಡ್ರಿ” ಅಂದೆ. ಫ್ರೀಜರಿನಿಂದ ಒಂದು ಪ್ಯಾಕೆಟ್ ತೆಗೆದು ಕೊಟ್ಟರು. ಮನೆಗೆ ಬಂದು ನೋಡಿದರೆ ಚೌಕನೆಯ ಮೈದಾ ಹಾಳೆ. ಸಮೋಸಾ ಪಟ್ಟಿಯ ಅಣ್ಣ ಅನ್ನಿ. ಅದು ಕರಿಯುವುದಕ್ಕೆ ಮಾತ್ರ, ಹಸಿಯಾಗಿ ತಿನ್ನಲು ಬರುವುದಿಲ್ಲ. ಅಂಗಡಿಯವರದ್ದು ತಪ್ಪೂ ಅಲ್ಲ, ನಾನು ಕೇಳಿದ್ದನ್ನೇ ಕೊಟ್ಟಿದ್ದರು. ಆದ್ದರಿಂದ ‘ರೈಸ್ ಪೇಪರ್’ ಅಂತಲೇ ಕೇಳಿ. ಇದು ಫ್ರೀಜರಿನಲ್ಲಿ ಇರುವುದಿಲ್ಲ. ನೂಡಲ್ಸ್, ಸೋಯಾ ಸಾಸ್ ಇಡುವ ಸಾಲಿನಲ್ಲಿ ಒಣಗಿದ್ದು ಸಿಗುತ್ತದೆ. ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಗದಗ, ಹಾವೇರಿಯಲ್ಲಿರುವವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದೇ ಸಲೀಸು. ಒಣ ಸಾಮಾನು, ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ.

ಪ್ಯಾಕೆಟ್ಟಿನ ಹಿಂದೆ ಅಕ್ಕಿ ಹಿಟ್ಟು, ಟ್ಯಾಪಿಯೋಕಾ ಹಿಟ್ಟು, ಉಪ್ಪು, ನೀರು ಇಷ್ಟೇ ಬರೆದಿರಬೇಕು. ಟ್ಯಾಪಿಯೋಕಾ ಅಂದರೆ ಮರಗೆಣಸಿನ ಪಿಷ್ಟ, ನಮ್ಮ ಸಾಬೂದಾಣಿ ಮಾಡುತ್ತಾರಲ್ಲ, ಅದೇ. ಹಾಳೆಗೆ ಜಗ್ಗುವ ಗುಣ ಬರುವುದು ಅದರಿಂದ. “ಮನೆಯ ಅಕ್ಕಿ ಹಪ್ಪಳಾನೇ ನೆನೆಸಿದರಾಯ್ತಲ್ಲ” ಅಂತ ಅತ್ತೆ ಅಂದದ್ದಕ್ಕೆ ಅದನ್ನೂ ಮಾಡಿ ನೋಡಿದೆ. ಎತ್ತುವಾಗಲೇ ಚೂರುಚೂರಾಯಿತು.

22 ಸೆಂಟಿಮೀಟರ್ ಅಗಲದ್ದನ್ನು ಕೊಳ್ಳಿ. ಚಿಕ್ಕ ಹಾಳೆ ಹೊಸಬರಿಗೆ ಸಲೀಸು ಅಂತ ಅನ್ನಿಸುತ್ತದೆ. ಹಾಗೇನಿಲ್ಲ. ಮಡಿಚಲು ಅಂಚೇ ಉಳಿಯದೆ ಹೂರಣ ಹೊರಗೆ ಇಣುಕುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಬಿದಿರು ಚಾಪೆಯ ನೇಯ್ಗೆ ಮೂಡಿದ್ದು ಕಾಣಬಹುದು. ಕುದಿಯುವ ನೀರಿನ ಪಾತ್ರೆಗೆ ಬಟ್ಟೆ ಬಿಗಿದು, ಅದರ ಮೇಲೆ ಹಿಟ್ಟು ತೆಳ್ಳಗೆ ಹರಡಿ, ಆವಿಯಲ್ಲಿ ಬೇಯಿಸಿ, ಬಿದಿರಿನ ಚಾಪೆ ಮೇಲೆ ಬಿಸಿಲಿಗೆ ಒಣಗಿಸುವುದು ಅವರ ಹಳೆಯ ಪದ್ಧತಿ. ಅಂದರೆ ಹಾಳೆ ಒಮ್ಮೆ ಬೆಂದೇ ಬಂದಿರುತ್ತದೆ. ನಾವು ಮತ್ತೆ ಬೇಯಿಸಬೇಕಾಗಿಲ್ಲ, ಮೆತ್ತಗೆ ಮಾಡಿದರೆ ಸಾಕು.

ವೀಗನ್ ಅತಿಥಿಗಾಗಿ ಮಾಡುತ್ತಿದ್ದರೆ ಒಂದು ಮಾತು. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿ ಸುಮ್ಮನಾಗಬೇಡಿ. ಹಾಲು, ಜೇನು ಇದ್ದರೂ ಹಸಿರು ಚುಕ್ಕೆ ಇರುತ್ತದೆ. ವೀಗನ್ ತಿನಿಸುಗಳಿಗೆ ಬೇರೆಯೇ ಗುರುತು ಇದೆ. ಹಸಿರು ಬಣ್ಣದ ಇಂಗ್ಲಿಷ್ ‘ವಿ’ ಅಕ್ಷರ, ಮೇಲೆ ಪುಟ್ಟ ಎಲೆ. ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರಲ್ಲಿ ಇದಕ್ಕೆ ನಿಯಮ ತಂದಿತು. ಎಲ್ಲ ಕಂಪನಿಯವರೂ ಹಾಕಿರುವುದಿಲ್ಲ. ಹಿಂದಿನ ಪಟ್ಟಿ ಓದುವುದೇ ಭರವಸೆಯ ದಾರಿ. ಸಾಸ್ ಬಾಟಲಿಗಳಲ್ಲಿ ಆಯಿಸ್ಟರ್ (ಸಿಂಪಿ) ಸಾಸ್, ಫಿಶ್ ಸಾಸ್ ಎರಡನ್ನೂ ಬಿಟ್ಟುಬಿಡಿ.

ಒಳಗೆ ಏನೇನು

ಹನ್ನೆರಡು ರೋಲ್‌ಗೆ ಲೆಕ್ಕ ಹೇಳುತ್ತೇನೆ. ಊಟಕ್ಕಾದರೆ ಒಬ್ಬರಿಗೆ ನಾಲ್ಕು, ಸಂಜೆ ತಿಂಡಿಗಾದರೆ ಎರಡು ಸಾಕು.

ಎರಡು ಗಜ್ಜರಿ, ಒಂದು ದೊಡ್ಡ ಸವತೆಕಾಯಿ, ಕಾಲು ಭಾಗ ಎಲೆಕೋಸು, ಒಂದು ಹಿಡಿ ಉಳ್ಳಾಗಡ್ಡಿ ತಪ್ಪಲು. ಪುದೀನಾ ಒಂದು ಕಟ್ಟು, ಕೊತ್ತಂಬರಿ ಅರ್ಧ ಕಟ್ಟು. 100 ಗ್ರಾಂ ತೆಳು ರೈಸ್ ನೂಡಲ್ಸ್. 200 ಗ್ರಾಂ ತೋಫು.

ರೆಸಿಪಿ ಹೇಳುವವರೆಲ್ಲ ಲೆಟ್ಯೂಸ್ ಎಲೆ ಬೇಕೇ ಬೇಕು ಅನ್ನುತ್ತಾರೆ. ನಮ್ಮಲ್ಲಿ ಹಕ್ಕರಕಿ ಸೊಪ್ಪು ಇರುವಾಗ ಅದ್ಯಾಕೆ? ಚಳಿಗಾಲದಲ್ಲಿ ಹಳ್ಳಿಯಿಂದ ಬುಟ್ಟಿ ಹೊತ್ತು ತರುವವರ ಹತ್ತಿರ ಸಿಕ್ಕರೆ ಬಿಡಬೇಡಿ. ಅದರ ಸಣ್ಣ ಕಹಿ ಶೇಂಗಾ ಚಟ್ನಿಯ ಜೊತೆ ಎಷ್ಟು ಚೆಂದ ಹೊಂದುತ್ತದೆ ಅಂತ ರೊಟ್ಟಿ ತಿನ್ನುವವರಿಗೆ ಹೇಳಬೇಕಾಗಿಲ್ಲ. ಎಳೆ ಮೆಂತ್ಯ ಸೊಪ್ಪು ಕೂಡ ಆಗುತ್ತದೆ, ಆದರೆ ಒಂದು ರೋಲ್‌ಗೆ ಏಳೆಂಟು ಎಲೆ ಮಾತ್ರ. ವಿಯೆಟ್ನಾಮಿನವರು ತುಳಸಿಯ ಜಾತಿಯ ಒಂದು ಸೊಪ್ಪು ಹಾಕುತ್ತಾರೆ. ಅದಕ್ಕೆ ಹತ್ತಿರದ ವಾಸನೆ ನಮ್ಮ ಹಿತ್ತಲಿನ ಕಾಮಕಸ್ತೂರಿಯದ್ದು. ದೇವರ ತುಳಸಿ ಬೇಡ, ಘಾಟು ಜಾಸ್ತಿ.

ಮೇ ತಿಂಗಳಲ್ಲಿ ಅರೆಹಣ್ಣಾದ ಆಪೂಸ್ ಮಾವಿನ ಹೋಳು ಉದ್ದುದ್ದ ಕೊಯ್ದು ಪುದೀನಾ ಜೊತೆ ಇಟ್ಟು ನೋಡಿ. ನನಗೆ ಎಲ್ಲಕ್ಕಿಂತ ಇಷ್ಟ ಅದೇ. ಪೇರಲ ಹಣ್ಣಿನ ಕಾಲದಲ್ಲಿ ಗಟ್ಟಿ ಪೇರಲವನ್ನು ಬೀಜದ ತಿರುಳು ತೆಗೆದು ತೆಳ್ಳಗೆ ಹೆಚ್ಚಿ ಹಾಕುತ್ತೇನೆ. ಬೀಟ್‌ರೂಟ್ ಹಾಕಿದರೆ ಬಣ್ಣ ಹರಡಿ ರೋಲ್ ಪೂರ್ತಿ ಗುಲಾಬಿಯಾಗುತ್ತದೆ. ಮಕ್ಕಳಿಗೆ ಖುಷಿ, ನನಗೆ ಅಷ್ಟಕ್ಕಷ್ಟೆ. ಟೊಮೆಟೊ ಮಾತ್ರ ಖಂಡಿತ ಬೇಡ, ನೀರು ಬಿಟ್ಟು ಹಾಳೆ ಹರಿಯುತ್ತದೆ.

ಹೆಚ್ಚುವಾಗ ಬೆಂಕಿಕಡ್ಡಿಯ ಗಾತ್ರ, ಬೆರಳುದ್ದ. ತುರಿಮಣೆಯಲ್ಲಿ ತುರಿದರೆ ಬೇಗ ಆಗುತ್ತದೆ ನಿಜ. ಆದರೆ ತುರಿದ ಗಜ್ಜರಿ ನೀರು ಬಿಡುತ್ತದೆ, ಕಚ್ಚಿದಾಗ ಕರುಂ ಅನ್ನುವ ಮಜಾನೂ ಹೋಗುತ್ತದೆ. ಸವತೆಕಾಯಿಯನ್ನು ಉದ್ದಕ್ಕೆ ಸೀಳಿ ನಡುವಿನ ಬೀಜವನ್ನು ಚಮಚದಿಂದ ಕೆರೆದು ತೆಗೆಯಿರಿ. ಯಾವುದಕ್ಕೂ ಉಪ್ಪು ಹಚ್ಚಬೇಡಿ. ಪಚಡಿಗೆ ಉಪ್ಪನ್ನು ತಾಟಿಗೆ ಬಡಿಸುವ ಹೊತ್ತಿಗೆ ಹಾಕುತ್ತೇವಲ್ಲ, ಇಲ್ಲೂ ಅದೇ ಲೆಕ್ಕ. ಉಪ್ಪು, ಹುಳಿ, ಖಾರ ಎಲ್ಲವೂ ಚಟ್ನಿಯಲ್ಲಿ ಇರಲಿ.

ಎಲ್ಲ ಹಸಿಯಾಗಿ ತಿನ್ನುವುದರಿಂದ ತೊಳೆಯುವ ಕೆಲಸದಲ್ಲಿ ಸೋಮಾರಿತನ ನಡೆಯುವುದಿಲ್ಲ. ಸೊಪ್ಪನ್ನು ಬೋಗುಣಿ ತುಂಬ ನೀರಲ್ಲಿ ಅಲ್ಲಾಡಿಸಿ, ಮಣ್ಣು ತಳಕ್ಕೆ ಇಳಿಯಲು ಬಿಟ್ಟು, ಮೇಲಿನಿಂದ ಎತ್ತಿ. ಹೀಗೆ ಮೂರು ಸಲ. ಕೊನೆಯ ಸಲ ಕುಡಿಯುವ ನೀರು. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮೂರಲ್ಲಿ ಇಷ್ಟು ನೀರೇ ಅನ್ನಬೇಡಿ, ಮೊದಲ ಎರಡು ಸಲದ್ದು ಕರಿಬೇವಿನ ಗಿಡಕ್ಕೆ ಹೋಗಲಿ. ಆಮೇಲೆ ಒಣ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಒದ್ದೆ ಸೊಪ್ಪು ಹಾಳೆಗೆ ಶತ್ರು.

ನೂಡಲ್ಸ್ ಸುಲಭ. ನೀರು ಕುದಿಸಿ, ಗ್ಯಾಸ್ ಆರಿಸಿ, ನೂಡಲ್ಸ್ ಹಾಕಿ ನಾಲ್ಕೈದು ನಿಮಿಷ ಮುಚ್ಚಿಡಿ. ಒಂದೆಳೆ ಕಚ್ಚಿ ನೋಡಿ, ಬೆಂದಿದ್ದರೆ ಬಸಿದು ತಣ್ಣೀರು ಹಾಕಿ. ಅಕ್ಕಿ ಶ್ಯಾವಿಗೆಯ ಪ್ಯಾಕೆಟ್ ಸಿಗುತ್ತದಲ್ಲ, ಅದೂ ನಡೆಯುತ್ತದೆ. ಪಾಯಸಕ್ಕೆ ಇಟ್ಟ ಗೋದಿ ಶಾವಿಗೆ ಮಾತ್ರ ಬೇಡ, ಮೆತ್ತಗಾಗಿ ಮುದ್ದೆಯಾಗುತ್ತದೆ.

ತೋಫು ಸಿಗದ ಕಡೆ ಮನೆಯಲ್ಲೇ ಮಾಡಬಹುದು. ಧಾರವಾಡ ಜಿಲ್ಲೆಯ ಹೊಲಗಳಲ್ಲಿ ಮುಂಗಾರಿಗೆ ಸೋಯಾಬಿನ್ ಬೆಳೆಯುತ್ತಾರೆ, ಕಾಳು ಸಿಗುವುದು ಕಷ್ಟವಲ್ಲ. ಒಂದು ಬಟ್ಟಲು ಕಾಳು ರಾತ್ರಿ ನೆನೆಸಿ, ಬೆಳಗ್ಗೆ ಐದಾರು ಬಟ್ಟಲು ನೀರು ಹಾಕುತ್ತ ರುಬ್ಬಿ, ಬಟ್ಟೆಯಲ್ಲಿ ಸೋಸಿ. ಆ ಹಾಲನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಹಸಿ ಸೋಯಾ ಹಾಲು ಹೊಟ್ಟೆಗೆ ಆಗಿಬರುವುದಿಲ್ಲ. ಪಕ್ಕದಲ್ಲೇ ನಿಲ್ಲಿ, ದನದ ಹಾಲಿಗಿಂತ ಜೋರಾಗಿ ಉಕ್ಕುತ್ತದೆ. ಇಳಿಸಿ ಎರಡು ನಿಮಿಷ ಬಿಟ್ಟು, ಎರಡು ದೊಡ್ಡ ಚಮಚ ಲಿಂಬೆ ರಸಕ್ಕೆ ಅಷ್ಟೇ ನೀರು ಸೇರಿಸಿ ನಿಧಾನ ಹಾಕಿದರೆ ಒಡೆಯುತ್ತದೆ. ಬಟ್ಟೆಯಲ್ಲಿ ಕಟ್ಟಿ ಮೇಲೆ ಒಳಕಲ್ಲಿನ ಗುಂಡು ಹೇರಿ ಒಂದು ತಾಸು ಇಡಿ. ಕಾವಲಿ ಮೇಲೆ ಒಂದಿಷ್ಟು ಎಣ್ಣೆ, ಉಪ್ಪು, ಚಿಟಿಕೆ ಅರಿಶಿನ ಹಾಕಿ ಎರಡೂ ಕಡೆ ಕೆಂಪಗೆ ಸುಟ್ಟು, ಬೆರಳಿನ ಹಾಗೆ ಕೊಯ್ಯಿರಿ. ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನಿಸಿದರೆ ಮೊಳಕೆ ಬರಿಸಿದ ಹೆಸರು ಇಲ್ಲವೇ ಮಡಕಿ ಕಾಳನ್ನು ಐದು ನಿಮಿಷ ಹಬೆಯಲ್ಲಿ ಬೇಯಿಸಿ ಹಾಕಿ. ಹಬೆ ತಪ್ಪಿಸಬೇಡಿ, ಪೂರ್ತಿ ಹಸಿ ಮೊಳಕೆಯಿಂದ ಹೊಟ್ಟೆ ಕೆಡುವುದುಂಟು.

ಅದ್ದಲು ಚಟ್ನಿ

ರೋಲ್ ತಾನಾಗಿ ಸಪ್ಪೆ. ರುಚಿಯೆಲ್ಲ ಚಟ್ನಿಯಲ್ಲಿದೆ.

ಮುಕ್ಕಾಲು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಹುರಿಯಿರಿ. ಸಿಪ್ಪೆ ಬಿಚ್ಚಿ, ಊದಿ ತೆಗೆಯಿರಿ. ಮೂರು ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು ಬಿಸಿನೀರಲ್ಲಿ ಕಾಲು ತಾಸು ನೆನೆಸಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಬಣ್ಣ ಕಡುಕೆಂಪು, ಖಾರ ಕಡಿಮೆ. ಇಲ್ಲಿ ಬೇಕಾದ್ದು ಅದೇ. ಗುಂಟೂರು ಹಾಕಿದರೆ ತರಕಾರಿಯ ರುಚಿಯೇ ನಾಲಿಗೆಗೆ ಹತ್ತುವುದಿಲ್ಲ. ಇವೆರಡರ ಜೊತೆ ಎರಡು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಹುಣಸೆ ರಸ, ಅಷ್ಟೇ ಬೆಲ್ಲ, ಒಂದು ದೊಡ್ಡ ಚಮಚ ಸೋಯಾ ಸಾಸ್, ಅರ್ಧ ಬಟ್ಟಲು ಬಿಸಿನೀರು ಹಾಕಿ ನುಣ್ಣಗೆ ರುಬ್ಬಿ. ಸೋಯಾ ಸಾಸ್‌ನಲ್ಲೇ ಉಪ್ಪಿರುತ್ತದೆ, ರುಚಿ ನೋಡಿ ಆಮೇಲೆ ಉಪ್ಪು. ಹತ್ತು ನಿಮಿಷ ಬಿಟ್ಟು ನೋಡಿ, ಗಟ್ಟಿಯಾಗಿರುತ್ತದೆ. ಇನ್ನೊಂದೆರಡು ಚಮಚ ಬಿಸಿನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ.

ನಾನು ಇದನ್ನೂ ಎಷ್ಟೋ ಸಲ ಮಾಡುವುದಿಲ್ಲ. ಡಬ್ಬಿಯಲ್ಲಿ ಶೇಂಗಾ ಹಿಂಡಿ ಇದ್ದೇ ಇರುತ್ತದೆ ಅಲ್ವಾ? ನಾಲ್ಕು ಚಮಚ ಹಿಂಡಿಗೆ ನಾಲ್ಕು ಚಮಚ ಬಿಸಿನೀರು, ಅರ್ಧ ಚಮಚ ಬೆಲ್ಲ, ಅರ್ಧ ಲಿಂಬೆಹಣ್ಣು. ಕಲಸಿದರೆ ಮುಗಿಯಿತು. ಇದೇ ನಾನು ಆಗ ಹೇಳಿದ ಇನ್ನೊಂದು ಕಾರಣ. ಚಟ್ನಿ ಮೊದಲೇ ಮನೆಯಲ್ಲಿ ಕೂತಿರುವ ಪರದೇಶದ ತಿಂಡಿ ಇನ್ನೊಂದು ಸಿಗಲಾರದು. ಗುರೆಳ್ಳು ಹಿಂಡಿಯಲ್ಲೂ ಮಾಡಿದ್ದೇನೆ, ಕಪ್ಪಗೆ ಕಂಡರೂ ರುಚಿ ಬೇರೆಯೇ. ಅಗಸಿ ಹಿಂಡಿ ಮಾತ್ರ ಕೈಕೊಟ್ಟಿತು. ಅಗಸಿ ನೀರು ಕಂಡರೆ ಲೋಳೆಯಾಗುತ್ತದೆ.

ಹಾಳೆ ನೆನೆಸಿ ಸುತ್ತುವುದು

ಈಗ ನಿಜವಾದ ಕೆಲಸ. ಮೊದಲು ಫ್ಯಾನ್ ಬಂದ್ ಮಾಡಿ. ಬೇಸಿಗೆಯಲ್ಲಿ ಕಷ್ಟ, ಗೊತ್ತು. ಆದರೆ ನಮ್ಮ ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ಫ್ಯಾನ್ ಕೂಡ ಸೇರಿದರೆ ನೀವು ಹೂರಣ ಇಡುವಷ್ಟರಲ್ಲಿ ಹಾಳೆಯ ಅಂಚು ಒಣಗಿ ಸೆಟೆದುಕೊಳ್ಳುತ್ತದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ ಇದರ ಉಲ್ಟಾ. ಹಾಳೆ ಬೇಗ ಅಂಟುತ್ತದೆ, ಆಗ ನೀರಲ್ಲಿ ಒಂದೆರಡು ಸೆಕೆಂಡ್ ಕಡಿಮೆ ಇಡಬೇಕು.

ತರಕಾರಿ, ನೂಡಲ್ಸ್, ತೋಫು ಎಲ್ಲ ಕೈಗೆ ಸಿಗುವ ಹಾಗೆ ಸಾಲಾಗಿ ಇಟ್ಟುಕೊಳ್ಳಿ. ಹಾಳೆ ನೆಂದ ಮೇಲೆ ಫ್ರಿಜ್ ಬಾಗಿಲು ತೆಗೆಯಲು ಹೋಗುವಂತಿಲ್ಲ. ಸುತ್ತಲು ಎಲ್ಲಕ್ಕಿಂತ ಒಳ್ಳೆಯ ಜಾಗ ಅಡುಗೆ ಕಟ್ಟೆಯ ಕರಿಕಲ್ಲು. ಚೆನ್ನಾಗಿ ಒರೆಸಿ, ಒದ್ದೆ ಕೈ ಆಡಿಸಿ. ಕಟ್ಟೆ ಇಲ್ಲದಿದ್ದರೆ ಸ್ಟೀಲಿನ ದೊಡ್ಡ ತಾಟನ್ನು ಬೋರಲು ಹಾಕಿ ಅದರ ಬೆನ್ನ ಮೇಲೆ ಮಾಡಿ. ಒಣ ಕಟ್ಟಿಗೆಯ ಮಣೆ ಬೇಡ, ಹಾಳೆ ಅದನ್ನು ಬಿಡುವುದೇ ಇಲ್ಲ.

ಹಾಳೆಗಿಂತ ಅಗಲದ ಪರಾತದಲ್ಲಿ ಬೆಚ್ಚಗಿನ ನೀರು ಹಾಕಿ. ಬೆರಳಿಟ್ಟರೆ ಹಿತ ಅನ್ನಿಸಬೇಕು, ಚುರುಕ್ ಅನ್ನಬಾರದು. ಹಾಳೆಯನ್ನು ಎರಡೂ ಕೈಯಲ್ಲಿ ಅಂಚು ಹಿಡಿದು ಮುಳುಗಿಸಿ, ಆರೇಳು ಸೆಕೆಂಡ್ ಎಣಿಸಿ, ಎತ್ತಿ. ಎತ್ತುವಾಗ ಅದು ಇನ್ನೂ ಬಿರುಸಾಗೇ ಇರಬೇಕು. ಬಾಗುತ್ತದೆ, ಆದರೆ ಜೋತು ಬೀಳುವುದಿಲ್ಲ. ಇಲ್ಲೇ ಎಲ್ಲರೂ ಎಡವುವುದು. ‘ಇನ್ನೂ ನೆಂದಿಲ್ಲ’ ಅಂತ ಅನ್ನಿಸಿ ಬಿಡುತ್ತೇವೆ, ನನ್ನ ಹಾಗೆ ಒಂದು ನಿಮಿಷ. ಹಾಳೆಯ ಮೇಲೆ ಅಂಟಿದ ನೀರೇ ಅದಕ್ಕೆ ಸಾಕು. ಕಲ್ಲಿನ ಮೇಲೆ ಹಾಸಿ ಅರ್ಧ ನಿಮಿಷ ಸುಮ್ನೆ ನೋಡುತ್ತಿರಿ. ಮೊದಲು ಚಾಪೆಯ ಗೆರೆಗಳು ಮಸುಕಾಗುತ್ತವೆ. ಆಮೇಲೆ ಬಿಳಿ ಬಣ್ಣ ಕರಗಿ ಕೆಳಗಿನ ಕಲ್ಲಿನ ಕಪ್ಪು ಕಾಣತೊಡಗುತ್ತದೆ. ಅಂಚನ್ನು ಬೆರಳಿಂದ ಎತ್ತಿದರೆ ತೆಳು ರಬ್ಬರಿನ ಹಾಗೆ ಜಗ್ಗಿ ಬರುತ್ತದೆ. ಆಗ ಹೂರಣ ಇಡಬಹುದು.

ಹಾಳೆಯ ನಿಮ್ಮ ಕಡೆಯ ಮೂರನೇ ಒಂದು ಭಾಗದಲ್ಲಿ, ಎಡಬಲ ಎರಡು ಬೆರಳು ಜಾಗ ಬಿಟ್ಟು ಇಡಿ. ಅಡಿಗೆ ಹಕ್ಕರಕಿ ಅಥವಾ ಎಲೆಕೋಸು. ಮೇಲೆ ಒಂದು ಸಣ್ಣ ಹಿಡಿ ನೂಡಲ್ಸ್. ಆಮೇಲೆ ತೋಫು, ಸವತೆಕಾಯಿ, ತಪ್ಪಲು. ಎಲ್ಲ ಸೇರಿ ನಿಮ್ಮ ಎರಡು ಹೆಬ್ಬೆರಳು ಜೋಡಿಸಿದಷ್ಟು ದಪ್ಪ, ಅಷ್ಟೇ. ಹೋಳಿಗೆಗೆ ಹೂರಣ ತುಂಬುವಾಗ ಬರುವ ಆಸೆ ಇಲ್ಲೂ ಬರುತ್ತದೆ, ಇನ್ನೊಂದು ಚೂರು ಇಡೋಣ ಅಂತ. ಇಡಬೇಡಿ. ಗಜ್ಜರಿ ಎಳೆ, ಪುದೀನಾ ಎಲೆಗಳನ್ನು ಮಾತ್ರ ಹೂರಣದಿಂದ ಮೂರು ಬೆರಳು ಆಚೆ ಹಾಳೆಯ ಮೇಲೆ ಬೇರೆಯಾಗಿ ಮಲಗಿಸಿ, ಪುದೀನಾ ಎಲೆಯ ಮುಖ ಕೆಳಗೆ ಮಾಡಿ. ಸುತ್ತಿದಾಗ ಹೊರಗೆ ಕಾಣುವುದು ಅವೇ.

ಕೂಸನ್ನು ಕೌದಿಯಲ್ಲಿ ಸುತ್ತಿ ಗೊತ್ತಿದ್ದವರಿಗೆ ಮುಂದಿನದು ಹೇಳಿಕೊಡಬೇಕಾಗಿಲ್ಲ. ನಿಮ್ಮ ಕಡೆಯ ಅಂಚನ್ನು ಎತ್ತಿ ಹೂರಣದ ಮೇಲೆ ಹೊದಿಸಿ. ಎಂಟೂ ಬೆರಳನ್ನು ಅದರ ಆಚೆಗೆ ಇಟ್ಟು, ಹೂರಣವನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆದು ಬಿಗಿ ಮಾಡಿ. ಎಡದ ಅಂಚು ಒಳಗೆ, ಬಲದ ಅಂಚು ಒಳಗೆ. ಆಮೇಲೆ ಬಿಗಿ ಬಿಡದೆ ಮುಂದಕ್ಕೆ ಉರುಳಿಸುತ್ತ ಹೋಗಿ. ಕೊನೆಯ ಅಂಚು ತಾನಾಗೇ ಅಂಟುತ್ತದೆ, ನೀರು, ಹಿಟ್ಟು ಏನೂ ಹಚ್ಚಬೇಕಾಗಿಲ್ಲ. ಅಂಟಿದ ಕಡೆ ಕೆಳಗೆ ಮಾಡಿ ಇಡಿ.

ಮೊದಲ ಎರಡು ಕೆಡುತ್ತವೆ. ಕೆಟ್ಟವನ್ನು ಕಟ್ಟೆಯ ಪಕ್ಕದಲ್ಲೇ ನಿಂತು ತಿಂದುಬಿಡಿ, ಯಾರಿಗೂ ತೋರಿಸಬೇಡಿ. ಮೂರನೆಯದು ಸಡಿಲವಾಗಿರುತ್ತದೆ, ನಾಲ್ಕನೆಯದರಿಂದ ಕೈ ಕೂರುತ್ತದೆ. ನಡುವೆ ಎಲ್ಲಾದರೂ ಹಾಳೆ ಹರಿದರೆ ಇನ್ನೊಂದು ಹಾಳೆ ನೆನೆಸಿ ಅದರ ಮೇಲೇ ಸುತ್ತಿ. ತುಸು ದಪ್ಪ ಆಗುತ್ತದೆ, ಗೊತ್ತಾಗುವುದಿಲ್ಲ. ಪದೇಪದೇ ಹರಿಯುತ್ತಿದ್ದರೆ ಹೂರಣ ಜಾಸ್ತಿಯಾಗಿರಬೇಕು, ಇಲ್ಲವೇ ಸೊಪ್ಪು ಒದ್ದೆ ಇರಬೇಕು. ಅಗಿಯುವಾಗ ರಬ್ಬರ್ ಅನ್ನಿಸಿದರೆ ನೆಂದದ್ದು ಸಾಲದು.

ಸುತ್ತಿಟ್ಟ ರೋಲ್‌ಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಅಂಟಿ, ಬಿಡಿಸುವಾಗ ಎರಡರದ್ದೂ ಮೈ ಹರಿಯುತ್ತದೆ. ಬಾಳೆಎಲೆಗೆ ಒಂದು ಹನಿ ಎಣ್ಣೆ ಸವರಿ ಅದರ ಮೇಲೆ ದೂರದೂರ ಇಡಿ, ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿ. ಒಂದೆರಡು ತಾಸು ಚೆನ್ನಾಗಿರುತ್ತವೆ. ಫ್ರಿಜ್‌ನಲ್ಲಿ ಇಟ್ಟರೆ ಹಾಳೆ ಗಟ್ಟಿಯಾಗಿ ಚರ್ಮದ ಹಾಗಾಗುತ್ತದೆ. ಆಫೀಸಿಗೆ ಡಬ್ಬಿ ಕಟ್ಟುವವರು ಒಂದೊಂದನ್ನೂ ಎಲೆಕೋಸಿನ ಎಲೆಯಲ್ಲಿ ಸುತ್ತಿ ಒಯ್ಯಿರಿ, ಬೆಳಗ್ಗೆ ಮಾಡಿದ್ದನ್ನು ಮಧ್ಯಾಹ್ನಕ್ಕೇ ಮುಗಿಸಿ. ನೂಡಲ್ಸ್ ಇರುವುದರಿಂದ ಬಿಸಿಲಿನ ದಿನ ಅದಕ್ಕಿಂತ ಹೊತ್ತು ಇಡುವುದು ಸರಿಯಲ್ಲ. ಫ್ರಿಜ್‌ನಲ್ಲಿ ಗಟ್ಟಿಯಾದದ್ದು ಉಳಿದಿದ್ದರೆ ಮರುದಿನ ಕಾವಲಿಗೆ ಎಣ್ಣೆ ಹಾಕಿ ನಾಲ್ಕೂ ಮೈ ಸುಡಿ. ಗರಿಗರಿಯಾಗಿ ಬೇರೆಯೇ ತಿಂಡಿ.

ಮನೆಗೆ ಜನ ಬಂದಾಗ ನಾನು ಸುತ್ತಿಕೊಡುವುದನ್ನು ಬಿಟ್ಟಿದ್ದೇನೆ. ನಡುವೆ ನೀರಿನ ಪರಾತ, ಸುತ್ತ ತರಕಾರಿಯ ತಾಟು, ಎರಡು ಬಟ್ಟಲು ಚಟ್ನಿ. ಅವರವರದ್ದು ಅವರೇ. ವಿಯೆಟ್ನಾಮಿನ ಮನೆಗಳಲ್ಲೂ ಹೀಗೆ ಕೂತು ಸುತ್ತಿಕೊಂಡು ತಿನ್ನುವುದುಂಟು. ನಮ್ಮ ಮೈದುನ ಮೊದಲ ರೋಲ್ ಅನ್ನು ಪಾನ್ ಪಟ್ಟಿಯ ಹಾಗೆ ತ್ರಿಕೋನ ಮಡಿಚಿ ಬಾಯಿಗೆ ಹಾಕಿಕೊಂಡರು. ಅದೂ ಆಯಿತು.

ಇನ್ನೊಂದು ಉಳಿಯಿತು. ಪ್ಯಾಕೆಟ್ಟಿನ ತಳದಲ್ಲಿ ಮುರಿದ ಹಾಳೆಗಳು ಸಿಕ್ಕೇ ಸಿಗುತ್ತವೆ. ಸುತ್ತಲು ಬರುವುದಿಲ್ಲ, ಬಿಸಾಡಲು ಮನಸ್ಸು ಬರುವುದಿಲ್ಲ. ಒಂದು ದಿನ ಅತ್ತೆ ಏನೂ ಹೇಳದೆ ಆ ಚೂರುಗಳನ್ನು ತೆಗೆದುಕೊಂಡು ಹೋಗಿ, ಒಣಗಿದ್ದನ್ನು ಒಣಗಿದ ಹಾಗೇ ಕಾದ ಎಣ್ಣೆಗೆ ಬಿಟ್ಟರು. ಎರಡೇ ಸೆಕೆಂಡ್. ಬೆಳ್ಳಗೆ ಅರಳಿ ಬಾಣಲೆ ತುಂಬಿತು. ಮೇಲೆ ಉಪ್ಪು, ಖಾರಪುಡಿ ಉದುರಿಸಿ ತಾಟಿನಲ್ಲಿ ತಂದಿಟ್ಟು ನನ್ನ ಮುಖ ನೋಡಿದರು.

“ಮೊದಲ ಹೇಳಿದ್ನಿಲ್ಲೋ, ಹಪ್ಪಳಾ ಅಂತ?”